ವೇಷದ ಹಿಂದಿನ ಅಳತೆಗೋಲು

ನಮ್ಮ ಶಾಲೆಗಳ ಸ್ನೇಹ ಸಮ್ಮೇಳನಗಳಲ್ಲಿ ಛದ್ಮವೇಷ ಸ್ಪರ್ಧೆಗೆ ಎಂದೂ ಕೊರತೆಯಿಲ್ಲ. ಕನ್ನಡಿ ಕೂಡಿಸಿದ ಲಂಗ ತೊಡಿಸಿ, ತೋಳತುಂಬ ಬಳೆಯೇರಿಸಿ ಒಂದು ಮಗುವನ್ನು 'ಲಂಬಾಣಿ'ಯೆಂದು ರಂಗಕ್ಕೆ ಕಳುಹುತ್ತೇವೆ. ಸಭೆ ನಕ್ಕು ಚಪ್ಪಾಳೆ ತಟ್ಟುತ್ತದೆ. ಕುರಕುಂಟಾ, ಸೇಡಂ, ಚಿಂಚೋಳಿ ಭಾಗದ ತಾಂಡಾಗಳ ಮಕ್ಕಳೂ ಇಂತಹ ಸಭೆಗಳಲ್ಲಿರುತ್ತಾರೆ. ಅವರ ಅಜ್ಜಿಯರ ಉಡುಪು ಅಲ್ಲಿ ನಗೆಯ ವಸ್ತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಈ ನೋಟವನ್ನು ನಮಗೆ ಕಲಿಸಿದವರಾರು?

1868ರಿಂದ 1875ರವರೆಗೆ ಆಂಗ್ಲ ಸರಕಾರ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳ ಛಾಯಾಚಿತ್ರ ಗ್ರಂಥವನ್ನು ಪ್ರಕಟಿಸಿತು. ಅಲ್ಲಿ ಬಹುಮಂದಿ ವ್ಯಕ್ತಿಗಳಲ್ಲ, ಜಾತಿಯ ಮಾದರಿಗಳು. ಚೌಕಳಿ ಪರದೆಯ ಮುಂದೆ ಮನುಷ್ಯನನ್ನು ನಿಲ್ಲಿಸಿ ಅಳೆಯುವ ಪದ್ಧತಿಯೂ ಆ ಕಾಲದ್ದೇ. ಮದ್ರಾಸಿನ ಎಡ್ಗರ್ ಥರ್ಸ್ಟನ್ ತಲೆ, ಮೂಗುಗಳನ್ನಳೆದು 1909ರಲ್ಲಿ ಏಳು ಸಂಪುಟಗಳನ್ನು ಹೊರತಂದನು. 1871ರ ಕಾಯಿದೆಯಂತೂ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಗುರುತಿಸಲು ದಾರಿ ಮಾಡಿತು. ನಮ್ಮ ನಿಜಾಮ ಸೀಮೆಯ ಜಾತಿ-ಬುಡಕಟ್ಟುಗಳ ಗ್ರಂಥವೂ 1920ರಲ್ಲಿ ಬಂದಿತು.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿದೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ರಚಿಸಿದ ಚಿತ್ರಮಾಲೆಯಲ್ಲಿ ಅವರೇ ವೇಷ ಧರಿಸಿ, ಆ ಚೌಕಳಿ ಪರದೆಯ ಮುಂದೆ ತೋಡ ಹೆಣ್ಣಾಗಿ ನಿಂತರು. ಅಷ್ಟಕ್ಕೇ ನಿಲ್ಲಿಸದೆ, ಚಿತ್ರ ತೆಗೆದ ಬಗೆಯನ್ನೂ ಬೇರೆ ಚಿತ್ರಗಳಲ್ಲಿ ತೋರಿಸಿದರು. ನಮ್ಮ ಛದ್ಮವೇಷದಲ್ಲಿಲ್ಲದ್ದು ಇದೇ: ನಾವು ವೇಷವನ್ನಷ್ಟೇ ತೋರಿಸುತ್ತೇವೆ, ಅಳೆಯುವ ಕೈಯನ್ನು ಮರೆಮಾಚುತ್ತೇವೆ.

1992ರಲ್ಲಿ ಕೋಕೋ ಫುಸ್ಕೋ, ಗಿಯೆರ್ಮೋ ಗೋಮೆಸ್-ಪೆನ್ಯಾ ಎಂಬ ಕಲಾವಿದರು ಮ್ಯಾಡ್ರಿಡ್ ನಗರದ ಚೌಕದಲ್ಲಿ ಪಂಜರದೊಳಗೆ ಕುಳಿತು, ತಾವು ಅಜ್ಞಾತ ದ್ವೀಪದವರೆಂಬ ವೇಷ ಹೂಡಿದರು. ಕೊಲಂಬಸನ ಯಾನಕ್ಕೆ ಐನೂರು ವರ್ಷ ತುಂಬಿದ ಸಂದರ್ಭವದು. ನೋಡಿದವರಲ್ಲಿ ಅನೇಕರು ಅದನ್ನು ನಿಜವೆಂದೇ ನಂಬಿದರು! ಅವರನ್ನು ನೋಡಿ ನಗುವ ಅಧಿಕಾರ ನಮಗಿದೆಯೇ?

ಇವೆಲ್ಲ ಪಟ್ಟಣದ ಕಲಾಶಾಲೆಗಳ ಮಾತೆಂದು ಕೆಲವರು ಆಕ್ಷೇಪಿಸಬಹುದು. ಬೀದಿಯನ್ನೇ ರಂಗಮಾಡಿಕೊಳ್ಳುವ ಹಗಲುವೇಷದವರನ್ನು ಕಂಡ ನಾಡಿಗೆ ಆ ಆಕ್ಷೇಪ ಸಲ್ಲದು. ಮುಂದಿನ ಸಮ್ಮೇಳನದಲ್ಲಿ ಗುರುಗಳು ಒಂದು ಚೌಕಳಿ ಬಟ್ಟೆ ಕಟ್ಟಿಸಲಿ. ಒಬ್ಬ ಹುಡುಗ ದೊರೆಯಾಗಿ ಅಳೆಯಲಿ, ಮತ್ತೊಬ್ಬ ಅಳೆಯಿಸಿಕೊಳ್ಳಲಿ. ಇದಕ್ಕೆ ತಾಂಡಾದ ಮಗುವನ್ನೇ ಆರಿಸುವುದು ಬೇಡ. ಅನಂತರ ಅಳೆಯಿಸಿಕೊಂಡವನೇ ಟೇಪು ಹಿಡಿದು ರಂಗದಿಂದಿಳಿದು ಬರಲಿ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತ ನಮ್ಮಂತಹ ಅತಿಥಿಗಳ ಮೂಗುಗಳಿಂದಲೇ ಅವನು ಆರಂಭಿಸಬಹುದು.