ಸ್ವಂತ ಮನೆಗೆ ಸಂಘದ ಅಪ್ಪಣೆ

ಅಮೆರಿಕದ ಅನೇಕ ಬಡಾವಣೆಗಳಲ್ಲಿ ಮನೆಯೊಡೆಯನು ಹೊರಗೋಡೆಯ ಬಣ್ಣವನ್ನು ಬದಲಿಸಬೇಕಾದರೂ ನಿವಾಸಿಗಳ ಸಂಘದ ಒಪ್ಪಿಗೆಯನ್ನು ಪಡೆಯಬೇಕಾಗಿದೆ. ಮನೆಯನ್ನು ಕೊಂಡಾಗಲೇ ಆತನು ಈ ಕಟ್ಟುಪಾಡಿಗೆ ಒಳಪಟ್ಟವನೆಂಬುದು ನಿಜ. ಬೀದಿಯ ಅಂದವನ್ನು ಕಾಯುವ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಆದರೆ ಕಾರಣ ಹೇಳದ ನಿರಾಕರಣೆಯು ನಿಯಮವಲ್ಲ, ದರ್ಪ. ಕ್ಯಾಲಿಫೋರ್ನಿಯಾ ರಾಜ್ಯದ ಸಿವಿಲ್ ಸಂಹಿತೆಯ 4765ನೆಯ ಕಲಮು ಈ ದರ್ಪಕ್ಕೆ ಕಡಿವಾಣ ಹಾಕಿದೆ. ಸಂಘದ ತೀರ್ಮಾನವು ಬರೆವಣಿಗೆಯಲ್ಲಿರಬೇಕು. ನಿರಾಕರಿಸಿದಲ್ಲಿ ಅದಕ್ಕೆ ಕಾರಣವನ್ನೂ ಪುನರ್ವಿಚಾರಣೆಯ ಮಾರ್ಗವನ್ನೂ ತಿಳಿಸಬೇಕು. ಅರ್ಜಿದಾರರಾದರೋ ಮೊದಲು ನಿಬಂಧನೆಗಳನ್ನು ಓದಿ, ನಕ್ಷೆಯನ್ನು ಪೂರ್ಣವಾಗಿ ಸಲ್ಲಿಸಿ, ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೆಲಸಕ್ಕೆ ಕೈಹಾಕದಿರುವುದು ಲೇಸು. ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿಯೂ ಇಂತಹ ಸಂಘಗಳು ಬಲಗೊಳ್ಳುತ್ತಿರುವ ಈ ಹೊತ್ತಿನಲ್ಲಿ, ನಮ್ಮವರೂ ಈ ನೀತಿಯನ್ನು ತಮ್ಮ ನಿಬಂಧನೆಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ನೆರೆಯವನು ಸಂಘದ ಆಳಲ್ಲ, ಅದರ ಸದಸ್ಯ.