ಕನ್ವರ್ಟ್ ಬಟನ್ ಒತ್ತಿದ್ರೆ ಚಿಪ್‌ಟ್ಯೂನ್ ಆಗಲ್ಲ

ಹಳೇ ವಿಡಿಯೋ ಗೇಮುಗಳಲ್ಲಿ ಕೇಳಿಸುವ ಪೀಂ ಪೀಂ ಸಂಗೀತವೇ ಚಿಪ್‌ಟ್ಯೂನ್. ಅದನ್ನು ಬರೆಯುವ ಸಾಫ್ಟ್‌ವೇರಿಗೆ ಟ್ರ್ಯಾಕರ್ ಅಂತಾರೆ. ಇದರ ಬಗ್ಗೆ ಹೇಳಿದ ಕೂಡಲೇ ನಮ್ಮ ಗೆಳೆಯರು ಕೇಳೋದು ಒಂದೇ: "ಎಂಪಿ3 ಹಾಕಿದ್ರೆ ಕನ್ವರ್ಟ್ ಮಾಡಿ ಕೊಡುತ್ತಾ?" ಕೊಡಲ್ಲ. ಕೊಡದೇ ಇರೋದೇ ಒಳ್ಳೇದು ಅನ್ನೋದು ನಮ್ಮ ವಾದ.

ಎಂಪಿ3 ಅಂದರೆ ತಯಾರಾದ ಅಡುಗೆ. ಟ್ರ್ಯಾಕರಿನ ಮಾಡ್ ಫೈಲಿನಲ್ಲಿರುವುದು ಸಾಮಾನು ಮತ್ತು ಮಾಡುವ ವಿಧಾನ: ಪುಟ್ಟ ಪುಟ್ಟ ಸ್ಯಾಂಪಲ್‌ಗಳು, ಜೊತೆಗೆ ಯಾವ ಸಾಲಿನಲ್ಲಿ ಯಾವ ಸ್ವರ ಎಂಬ ಪಟ್ಟಿ. ಬಿಸಿಬೇಳೆಬಾತ್ ಕೊಟ್ಟು ಅಕ್ಕಿ, ಬೇಳೆ, ಹುಣಸೆಹುಳಿ ವಾಪಸ್ ಕೊಡಿ ಅಂದ್ರೆ ಹೇಗೆ?

1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದರು. ಅಮಿಗಾದ ಪೌಲಾ ಚಿಪ್ಪಿಗೆ ನಾಲ್ಕೇ ಚಾನೆಲ್, ಸ್ಯಾಂಪಲ್ 8 ಬಿಟ್. ಅಮಿಗಾ 500ರ ಜೊತೆ ಬರುತ್ತಿದ್ದ ಮೆಮೊರಿ 512 ಕೆಬಿ. ಲೆಕ್ಕ ಹಾಕಿ: ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು. ಮೂರು ಸೆಕೆಂಡ್ ಆಗುವಷ್ಟರಲ್ಲಿ ಮೆಮೊರಿ ಭರ್ತಿ!

ಹಾಗಾಗಿ ಇಲ್ಲಿ ನಡೆಯೋದು ಇಡೀ ಹಾಡಿನ ಕನ್ವರ್ಶನ್ ಅಲ್ಲ, ಆಯ್ಕೆ. ಒಂದು ತಮಟೆ ಏಟು ರೆಕಾರ್ಡ್ ಮಾಡಿ. ಆಡಾಸಿಟಿಯಲ್ಲಿ ಹಿಂದುಮುಂದಿನ ಮೌನ ಕತ್ತರಿಸಿ, ಮಾನೋ ಮಾಡಿ, ರೇಟ್ ಇಳಿಸಿ, 8 ಬಿಟ್ ವೇವ್ ಫೈಲ್ ಆಗಿ ಉಳಿಸಿ, ಮಿಲ್ಕಿಟ್ರ್ಯಾಕರ್‌ಗೋ ಓಪನ್‌ಎಂಪಿಟಿಗೋ ತುಂಬಿ. ಅದೇ ಕೆಲಸವನ್ನು ಪೈಥಾನ್‌ನಲ್ಲಿ ನೀವೇ ಮಾಡಿದರೆ ಇನ್ನೂ ಮಜಾ. 44,100ರಲ್ಲಿ ಐದಕ್ಕೊಂದು ಸ್ಯಾಂಪಲ್ ಇಟ್ಟುಕೊಂಡರೆ 8,820 ಉಳಿಯುತ್ತೆ. ಆದರೆ 4,410 ಹರ್ಟ್ಜ್‌ಗಿಂತ ಮೇಲಿನದನ್ನು ಮೊದಲೇ ಫಿಲ್ಟರ್ ಮಾಡದಿದ್ದರೆ, ಅದೆಲ್ಲ ಮಡಚಿಕೊಂಡು ಕೆಳಗೆ ಬಂದು ಅಪಸ್ವರವಾಗಿ ಕೂರುತ್ತೆ. ಪರೀಕ್ಷೆಗೆ ಉರು ಹೊಡೆಯುವ ಅಲಿಯಾಸಿಂಗ್ ಇದೇ! 16 ಬಿಟ್‌ನ 65,536 ಹಂತಗಳು 8 ಬಿಟ್‌ನಲ್ಲಿ 256 ಆದಾಗ ಬರುವ ಕರಕರ ಸದ್ದೇ ಕ್ವಾಂಟೈಸೇಶನ್ ನಾಯ್ಸ್. ಒಮ್ಮೆ ಕಿವಿಗೆ ಬಿದ್ದರೆ ಮರೆಯಲ್ಲ.

ಇನ್ನು ರಾಗದ ವಿಷಯ. ಆಡಿಯೋವನ್ನು ಮಿಡಿ ಮಾಡುವ ಟೂಲ್‌ಗಳು ಇವೆ, ನಿಜ. ಆದರೆ ನಮ್ಮ ಹಾಡುಗಳ ಗಮಕ ಅವುಗಳ ಕೈಯಲ್ಲಿ ಸಿಕ್ಕಿ ಮೆಟ್ಟಿಲು ಮೆಟ್ಟಿಲಾಗಿ ಒಡೆದುಹೋಗುವುದೇ ಹೆಚ್ಚು. ಟ್ರ್ಯಾಕರಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು 3ನೇ ಎಫೆಕ್ಟ್, ನಡುಗಿಸಲು 4ನೇ ಎಫೆಕ್ಟ್ ಇದೆ. ಎಲ್ಲಿ ಎಷ್ಟು ಜಾರಬೇಕು ಅನ್ನೋದು ಮಾತ್ರ ಹಾಡನ್ನು ಹತ್ತು ಸಲ ಕೇಳಿದವರಿಗೇ ಗೊತ್ತಾಗೋದು.

"ಎಐ ಒಂದು ನಿಮಿಷದಲ್ಲಿ ಮಾಡುತ್ತಪ್ಪಾ, ಪ್ಲೇಸ್‌ಮೆಂಟಿಗೆ ಇದರಿಂದ ಏನು ಉಪಯೋಗ?" ಅಂತ ಕೇಳುವವರಿದ್ದಾರೆ. ಲ್ಯಾಬಿನಲ್ಲಿರುವ ಆರ್ಡುಯಿನೋ ಊನೋ ಆರ್3 ನೋಡಿ, ಅದರ ರ‍್ಯಾಮ್ ಬರೀ 2 ಕೆಬಿ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಅನ್ನೋ ಪ್ರಶ್ನೆ ಅಲ್ಲೂ ಅದೇ. ಆ ನಿರ್ಧಾರವನ್ನು ಬಟನ್‌ಗೆ ಬಿಟ್ಟುಕೊಟ್ಟರೆ ಫೈಲ್ ಸಿಗಬಹುದು, ಕಲಿಕೆ ಸಿಗಲ್ಲ.

ಅದಕ್ಕೇ ನಮ್ಮದೊಂದು ಸಲಹೆ. ಈ ಸಲ ರಾಜ್ಯೋತ್ಸವದ ವೇದಿಕೆಗೆ ಡೌನ್‌ಲೋಡ್ ಮಾಡಿದ ಟ್ರ್ಯಾಕ್ ಬೇಡ. ನಾಲ್ಕೇ ಚಾನೆಲ್, ಸ್ಯಾಂಪಲ್ ಎಲ್ಲ ನಾವೇ ರೆಕಾರ್ಡ್ ಮಾಡಿದ್ದು, ಒಟ್ಟು ಫೈಲ್ 512 ಕೆಬಿ ಒಳಗೆ. ಯಾರ‍್ಯಾರು ಬರ್ತೀರಿ?