ಮುಸುಕಿನೊಳಗಿನ ಒಡೆಯ: ಡೊಮೈನ್ ದಾಖಲೆ ಯಾರಿಗೆ ತೆರೆದಿರಬೇಕು?

ಜಾಲತಾಣದ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ಕಾನೂನಿನ ರಕ್ಷಣೆ ಉಂಟೆಂದು ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು 2004ರ ಮೇ ತಿಂಗಳಲ್ಲಿ. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ, ರಾಜ್ಯ ಹೈಕೋರ್ಟ್ ಮೂಲಕ ದಿಲ್ಲಿ ತಲುಪಿದ ವ್ಯಾಜ್ಯವದು. ‘ಸಿಫಿ’ಯನ್ನು ಹೋಲುವ ‘ಸಿಫ್ಫಿನೆಟ್’ ಎಂಬ ಹೆಸರೇ ತಕರಾರಿನ ಮೂಲ. ಅಲ್ಲಿ ಎದುರಾಳಿ ಯಾರೆಂಬುದಾದರೂ ಗೊತ್ತಿತ್ತು. ಇಂದು ಅನೇಕ ಪ್ರಕರಣಗಳಲ್ಲಿ ಎದುರಾಳಿಯೇ ಅಗೋಚರ.

2018ರವರೆಗೆ ‘ಹೂಈಸ್’ ದಾಖಲೆಯಲ್ಲಿ ಡೊಮೈನ್ ಒಡೆಯನ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದಿತ್ತು. ಅದೇನೂ ಸುವರ್ಣಯುಗವಲ್ಲ, ವಂಚಕರು ಸುಳ್ಳು ವಿಳಾಸ ಕೊಡುತ್ತಿದ್ದರು, ಪ್ರಾಮಾಣಿಕರ ಅಂಚೆಪೆಟ್ಟಿಗೆಗೆ ಕಸದ ಮಿಂಚಂಚೆ ಬೀಳುತ್ತಿತ್ತು. ಆ ವರ್ಷದ ಮೇ 25ರಂದು ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ ಜಾರಿಗೆ ಬಂತು. ಅದಕ್ಕೆ ಎಂಟು ದಿನ ಮೊದಲು, ಡೊಮೈನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವ ಐಕಾನ್ ಸಂಸ್ಥೆ ತಾತ್ಕಾಲಿಕ ನಿಯಮವೊಂದನ್ನು ಅಂಗೀಕರಿಸಿ ಈ ವಿವರಗಳ ಮೇಲೆ ಪರದೆ ಎಳೆಯಿತು.

ಎಡವಟ್ಟಾದದ್ದು ಇಲ್ಲಿಯೇ. ಐರೋಪ್ಯ ನಿಯಮ ರಕ್ಷಿಸುವುದು ವ್ಯಕ್ತಿಗಳನ್ನು, ಕಂಪನಿಗಳನ್ನಲ್ಲ. ಆದರೆ ಇವೆರಡನ್ನೂ ಬೇರ್ಪಡಿಸಬೇಕೆಂಬ ಕಡ್ಡಾಯವನ್ನು ಐಕಾನ್ ನೋಂದಣಿದಾರ ಸಂಸ್ಥೆಗಳ ಮೇಲೆ ಹೇರಲಿಲ್ಲ. ಐರೋಪ್ಯರಲ್ಲದವರ ವಿವರಗಳನ್ನೂ ಮರೆಮಾಡಲು ಅವಕಾಶ ನೀಡಿತು. ಶ್ರಮ ಉಳಿಸಿಕೊಳ್ಳಬಯಸುವ ಸಂಸ್ಥೆ ಎಲ್ಲರಿಗೂ ಒಂದೇ ಮುಸುಕು ಹೊದಿಸದೆ ಇನ್ನೇನು ಮಾಡೀತು?

ಟ್ರೇಡ್‌ಮಾರ್ಕ್ ಒಡೆಯರಿಗೆ ದಾರಿ ಪೂರ್ತಿ ಮುಚ್ಚಿಲ್ಲ. 1999ರಿಂದಿರುವ ಏಕರೂಪ ವ್ಯಾಜ್ಯ ಪರಿಹಾರ ನೀತಿಯಡಿ, ಒಡೆಯನ ಹೆಸರು ತಿಳಿಯದಿದ್ದರೂ ದೂರು ನೀಡಬಹುದು. ಬಳಿಕ ಹೆಸರು ಹೊರಬೀಳುತ್ತದೆ. ಆದರೆ ಗೆದ್ದರೆ ಸಿಗುವುದು ಡೊಮೈನ್ ಮಾತ್ರ, ನಷ್ಟ ಪರಿಹಾರವಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಏಕಸದಸ್ಯ ಪೀಠಕ್ಕೆ ಕನಿಷ್ಠ ಶುಲ್ಕವೇ 1,500 ಡಾಲರ್. ಸಣ್ಣ ಉದ್ದಿಮೆದಾರನಿಗೆ ಇದು ಕೈಗೆಟುಕದ ಮಾತು. ಒಬ್ಬನೇ ಹತ್ತಾರು ನಕಲಿ ತಾಣ ನಡೆಸುತ್ತಿದ್ದಾನೆಯೇ ಎಂದು ಮುಂಚಿತವಾಗಿ ಪತ್ತೆಹಚ್ಚುವುದೂ ಈಗ ಕಠಿಣ.

2023ರ ನವೆಂಬರಿನಲ್ಲಿ ಐಕಾನ್ ಪ್ರಾಯೋಗಿಕವಾಗಿ ತೆರೆದ ವಿನಂತಿ ವ್ಯವಸ್ಥೆಯಲ್ಲೂ ವಿವರ ಕೊಡುವ, ಬಿಡುವ ತೀರ್ಮಾನ ನೋಂದಣಿದಾರ ಸಂಸ್ಥೆಯದೇ ಆಗಿತ್ತು. 2025ರ ಜನವರಿಯಲ್ಲಿ ‘ಹೂಈಸ್’ ಜಾಗಕ್ಕೆ ‘ಆರ್‌ಡ್ಯಾಪ್’ ಬಂದಾಗಲೂ ಬದಲಾದದ್ದು ತಂತ್ರಜ್ಞಾನವೇ ಹೊರತು ಪರದೆಯಲ್ಲ.

ಬ್ಲಾಗ್ ಬರೆಯುವ ಮಹಿಳೆಯ ಮನೆ ವಿಳಾಸ ಜಗತ್ತಿಗೆ ಕಾಣಬೇಕಿಲ್ಲ. ಆದರೆ ಹಣ ಪಡೆದು ಸರಕು ಮಾರುವ ತಾಣಕ್ಕೆ ಆ ರಿಯಾಯಿತಿ ಏಕೆ? ಬೀದಿಯ ಅಂಗಡಿಗೂ ನಾಮಫಲಕ ಬೇಕು. ಅದಿಲ್ಲದ ಕಡೆ ನಮ್ಮ ನ್ಯಾಯಾಲಯಗಳಲ್ಲಿ ಅಜ್ಞಾತ ಪ್ರತಿವಾದಿಗೆ ಕೊಡುವ ಕಲ್ಪಿತ ಹೆಸರು ‘ಅಶೋಕ್ ಕುಮಾರ್’. ನಕಲಿ ತಾಣಗಳ ಮೇಲೆ ಕಂಪನಿಗಳು ಹೂಡುವ ದಾವೆಗಳಲ್ಲಿ ಆತ ಮತ್ತೆ ಮತ್ತೆ ಪ್ರತಿವಾದಿಯಾಗುತ್ತಲೇ ಇದ್ದಾನೆ.